ಪ್ರಕಟಣೆಯ ಫೋಟೊ ಎಲ್ಲರಿಗೂ ಕಾಣುವುದಿಲ್ಲ



ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದವನು. ನನಗೆ ಕಣ್ಣು ಕಾಣುವುದಿಲ್ಲ. ಸೇವೆಯ ಕೊನೆಯ ವರ್ಷಗಳಲ್ಲಿ ಸುತ್ತೋಲೆಗಳೆಲ್ಲ ವಾಟ್ಸಾಪ್‌ನಲ್ಲಿ ಫೋಟೊ ಆಗಿ ಬರತೊಡಗಿದವು. ನನ್ನ ಮೊಬೈಲಿನಲ್ಲಿರುವ ಟಾಕ್‌ಬ್ಯಾಕ್ ಅಕ್ಷರಗಳನ್ನು ಓದಿ ಹೇಳುತ್ತದೆ. ಫೋಟೊ ಬಂದರೆ "ಫೋಟೊ" ಎಂದಷ್ಟೇ ಹೇಳಿ ಸುಮ್ಮನಾಗುತ್ತಿತ್ತು. ಪರೀಕ್ಷಾ ಕರ್ತವ್ಯದ ಆದೇಶವೊಂದು ಹಾಗೆ ಬಂದು, ನಾನು ಒಂದು ದಿನ ತಡವಾಗಿ ಹೋಗಿ ಎಲ್ಲರೆದುರು ಮಾತು ಕೇಳಬೇಕಾಯಿತು.

ಜಗಳವಾಡುವುದಕ್ಕಿಂತ ತೋರಿಸುವುದೇ ಮೇಲು ಎನಿಸಿತು. ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಸಹೋದ್ಯೋಗಿಗಳನ್ನು ಕಂಪ್ಯೂಟರ್ ಕೋಣೆಯಲ್ಲಿ ಕೂರಿಸಿ, ಪರದೆ ಆರಿಸಿ, ಎನ್‌ವಿಡಿಎ ಚಾಲೂ ಮಾಡಿದೆ. ಆಸ್ಟ್ರೇಲಿಯಾದ ಅಂಧ ಯುವಕರೊಬ್ಬರು 2006ರಲ್ಲಿ ಆರಂಭಿಸಿದ, ಉಚಿತವಾಗಿ ಸಿಗುವ ತಂತ್ರಾಂಶ ಅದು. ಕನ್ನಡವನ್ನೂ ಓದುತ್ತದೆ, ದನಿ ಮಾತ್ರ ಯಂತ್ರದ್ದೇ. ಮೊದಲು, ಹಳೆಯ ನುಡಿ ಫಾಂಟಿನಲ್ಲಿ ಟೈಪಾಗಿದ್ದ ನಮ್ಮದೇ ಪ್ರಶ್ನೆಪತ್ರಿಕೆ ತೆರೆದೆ. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಸುರಿದವು. ಆ ಫಾಂಟಿನಲ್ಲಿ ಕಣ್ಣಿಗೆ ಕಾಣುವ ಆಕಾರ ಮಾತ್ರ ಕನ್ನಡ. ಒಳಗೆ ಕಂಪ್ಯೂಟರಿಗೆ ಸಿಗುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಎಲ್ಲರೂ ನಕ್ಕರು. ಅದನ್ನೇ ಯೂನಿಕೋಡ್‌ಗೆ ಬದಲಿಸಿ ಕೇಳಿಸಿದಾಗ ಪ್ರಶ್ನೆಗಳು ಒಂದೊಂದಾಗಿ ಸ್ಪಷ್ಟವಾಗಿ ಬಂದವು. ಗಣಿತದ ಮೇಡಂ ಮೆಲ್ಲಗೆ, "ಹಾಗಾದ್ರೆ ಇಷ್ಟು ವರ್ಷ ನಾವು ಕಳಿಸಿದ್ದೆಲ್ಲ ನಿಮಗೆ ಹೀಗೇ ಕೇಳಿಸ್ತಿತ್ತಾ ಸರ್?" ಎಂದರು. ಹೌದು ಎಂದೆ.

ಅಂದಿನಿಂದ ಫೋಟೊ ಹಾಕುವವರು ಅದರ ಕೆಳಗೆ ನಾಲ್ಕು ಸಾಲು ಟೈಪ್ ಮಾಡತೊಡಗಿದರು. ಸ್ಕ್ಯಾನ್ ಮಾಡಿದ ಪಿಡಿಎಫ್ ಕೂಡ ಫೋಟೊ ಇದ್ದ ಹಾಗೇ ಎಂದು ಅವರಿಗೆ ಒಪ್ಪಿಸಲು ಮತ್ತೆರಡು ಶನಿವಾರ ಬೇಕಾದವು!

ವಿದ್ಯುನ್ಮಾನ ಮಾಹಿತಿ ಅಂಗವಿಕಲರಿಗೂ ಎಟುಕುವಂತಿರಬೇಕು, ಅದಕ್ಕೆ ಸರ್ಕಾರ ಕ್ರಮ ಕೈಗೊಳ್ಳಬೇಕು ಎಂದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹೇಳುತ್ತದೆ. ಕಾಯ್ದೆಯ ಮಾತು ಹಾಗಿರಲಿ. ಕಳೆದ ವರ್ಷ ನಮ್ಮ ವಿದ್ಯಾರ್ಥಿವೇತನದ ಪ್ರಕಟಣೆಯೂ ಫೋಟೊ ಆಗಿಯೇ ಹೋಗಿತ್ತು. ದೃಷ್ಟಿದೋಷವಿರುವ ಪಿಯುಸಿ ವಿದ್ಯಾರ್ಥಿನಿಯೊಬ್ಬಳಿಗೆ ವಿಷಯ ತಿಳಿದದ್ದು ಕೊನೆಯ ದಿನಾಂಕ ಕಳೆದ ಮೇಲೆ. ಮೂರು ವಾರ ಆ ಫೋಟೊ ಅವಳ ಮೊಬೈಲಿನಲ್ಲೇ ಇತ್ತು.

ಈ ವರ್ಷ ಪ್ರಕಟಣೆಯನ್ನೂ ಅರ್ಜಿ ನಮೂನೆಯನ್ನೂ ಯೂನಿಕೋಡ್‌ನಲ್ಲಿ ಟೈಪ್ ಮಾಡಿಸಿ ಕಳಿಸುತ್ತಿದ್ದೇವೆ. ತಾವು ಮೊಹಲ್ಲಾದ ಗುಂಪುಗಳಿಗೆ ಮುಂದೆ ಕಳಿಸುವಾಗ ಸ್ಕ್ರೀನ್‌ಶಾಟ್ ಬೇಡ, ಆ ಸಂದೇಶವನ್ನೇ ಕಳಿಸಿ. ಆ ವಿದ್ಯಾರ್ಥಿನಿ ಈ ಸಲ ಅರ್ಜಿಯನ್ನು ತಾನೇ ತುಂಬುತ್ತೇನೆಂದು ಹೇಳಿದ್ದಾಳೆ.