ಪುಟ್ಟ ರಿಮೋಟ್ ಕಾರು: ಮೋಟಾರಿಗಿಂತ ಮೊದಲು ಟೈರು ನೋಡಿ

ಹುಬ್ಬಳ್ಳಿ: ಚಕ್ಕಡಿಯನ್ನು ಎತ್ತುಗಳು ಮುಂದಿನಿಂದ ಎಳೆಯುತ್ತವೆ, ತಿರುವು ಬಂದಾಗ ಅದನ್ನು ತಿರುಗಿಸುವವೂ ಅವೇ. ತಳ್ಳುಗಾಡಿಯನ್ನಾದರೋ ಹಿಂದಿನಿಂದ ನೂಕಬೇಕು. ಕಾರುಗಳಲ್ಲಿಯೂ ಈ ಎರಡು ಬಗೆಗಳುಂಟು. ಒಂದು ಕಾಲಕ್ಕೆ ನಮ್ಮ ರಸ್ತೆಗಳನ್ನು ಆಳಿದ ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ ಹಿಂದಿನ ಚಕ್ರಗಳ ಬಲದಿಂದ ಓಡುತ್ತಿದ್ದವು. 1983ರಲ್ಲಿ ಬಂದ ಮಾರುತಿ 800 ಮುಂದಿನ ಚಕ್ರಗಳೇ ಎಳೆಯುವ ಕಾರನ್ನು ಮಧ್ಯಮ ವರ್ಗದ ಮನೆಯಂಗಳಕ್ಕೆ ತಂದು ನಿಲ್ಲಿಸಿತು. ಇಂದು ಹುಬ್ಬಳ್ಳಿ-ಧಾರವಾಡದ ನಡುವೆ ಓಡಾಡುವ ಸಣ್ಣ ಕಾರುಗಳಲ್ಲಿ ಬಹುಪಾಲು ಈ ಎರಡನೆಯ ಜಾತಿಗೇ ಸೇರಿದವು.

ಇದೇ ತತ್ವದ ಮೇಲೆ ಓಡುವ, ನಿಜವಾದ ಕಾರಿನ ಹತ್ತನೇ ಒಂದರಷ್ಟು ಅಳತೆಯ, ಬಿಡಿಭಾಗಗಳಿಂದ ಕೈಯಾರೆ ಜೋಡಿಸಬೇಕಾದ ರೇಡಿಯೊ ನಿಯಂತ್ರಿತ ಕಾರುಗಳು ಸಿಗುತ್ತವೆ. ಹತ್ತಾರು ಸಾವಿರ ವಿದ್ಯಾರ್ಥಿಗಳಿರುವ ಅವಳಿ ನಗರದಲ್ಲಿ ಇಂಥದೊಂದು ಪೆಟ್ಟಿಗೆಯ ಮೇಲೆ ಕಣ್ಣಿಟ್ಟು ತಿಂಗಳುಗಟ್ಟಲೆ ಹಣ ಕೂಡಿಡುವ ಹುಡುಗರಿಗೇನೂ ಕೊರತೆಯಿಲ್ಲ. ಮಕ್ಕಳ ಹಟಕ್ಕೆ ಸೋತು ಅಂಗಡಿಗೆ ಹೋಗುವ ಪಾಲಕರೂ ಇದ್ದಾರೆ. ಆದರೆ ಕಾರು ಕೊಳ್ಳುವಾಗಿನ ತಪ್ಪಿಗಿಂತ ಕೊಂಡ ಮೇಲೆ ಅದನ್ನು ‘ಸುಧಾರಿಸುವಾಗ’ ಆಗುವ ತಪ್ಪೇ ಹೆಚ್ಚು ದುಬಾರಿ.

ಮೊದಲಿಗೆ ಒಂದು ವ್ಯತ್ಯಾಸ ತಿಳಿದಿರಬೇಕು. ಆಟಿಕೆ ಅಂಗಡಿಯಲ್ಲಿ ಪೆಟ್ಟಿಗೆ ತೆರೆದೊಡನೆ ಓಡುವ ರಿಮೋಟ್ ಕಾರು ಬೇರೆ, ಕಿಟ್ ಬೇರೆ. ಆಟಿಕೆಯ ಗೇರು ಮುರಿದರೆ ಅಲ್ಲಿಗೆ ಅದರ ಕಥೆ ಮುಗಿಯಿತು. ಕಿಟ್‌ನ ಪ್ರತಿಯೊಂದು ತುಂಡಿಗೂ ಸಂಖ್ಯೆಯಿದೆ. ಮುರಿದದ್ದನ್ನು ಮಾತ್ರ ತರಿಸಿ ಹಾಕಬಹುದು. ಅಗ್ಗದ ಆಟಿಕೆಗಳಲ್ಲಿ ಮುಂಚಕ್ರ ಚಾಲನೆಯವು ಅಪರೂಪ. ಹೆಚ್ಚಿನವು ಹಿಂಚಕ್ರದವು ಇಲ್ಲವೇ ನಾಲ್ಕೂ ಚಕ್ರ ಎಳೆಯುವಂಥವು.

ಮುಂಚಕ್ರ ಚಾಲನೆಯ ಪುಟ್ಟ ಕಾರು ಎಂದಾಕ್ಷಣ ನೆನಪಾಗುವುದು ಬ್ರಿಟನ್ನಿನ ಮಿನಿ. ಅಲೆಕ್ ಇಸಿಗೋನಿಸ್ ರೂಪಿಸಿ 1959ರಲ್ಲಿ ಹೊರಬಂದ ಈ ಕಾರಿನಲ್ಲಿ ಎಂಜಿನ್ನನ್ನು ಅಡ್ಡಲಾಗಿ ಇಟ್ಟು, ಬರೇ 10 ಇಂಚಿನ ಚಕ್ರಗಳನ್ನು ಜೋಡಿಸಿ, ಉಳಿದ ಜಾಗವನ್ನೆಲ್ಲ ಪ್ರಯಾಣಿಕರಿಗೆ ಬಿಟ್ಟುಕೊಡಲಾಗಿತ್ತು. ಅದೇ ಕಾರು 1964, 1965 ಮತ್ತು 1967ರಲ್ಲಿ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದು ದೊಡ್ಡ ಕಾರುಗಳನ್ನು ನಾಚಿಸಿತು. ರೇಡಿಯೊ ಕಾರಿನ ಲೋಕದಲ್ಲಿ ಈ ಮಿನಿಗೆ ಮರುಜನ್ಮ ಕೊಟ್ಟದ್ದು ಜಪಾನಿನ ಶಿಜುವೊಕಾದ ತಮಿಯಾ ಕಂಪನಿ. ಇದರ ‘ಎಂ’ ಸರಣಿಯ ಎಂ-05 ಚಾಸಿ 2009ರಲ್ಲಿ, ಸ್ಪರ್ಧೆಯನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ ಎಂ-07 ಚಾಸಿ 2017ರಲ್ಲಿ ಬಂದವು. ನಂತರ ಬಂದ ಎಂಬಿ-01 ಚಾಸಿಯನ್ನು ಜೋಡಿಸುವಾಗಲೇ ಮುಂಚಕ್ರ ಇಲ್ಲವೇ ಹಿಂಚಕ್ರ ಚಾಲನೆಯಾಗಿ ಆರಿಸಿಕೊಳ್ಳಬಹುದು.

ಈ ಸರಣಿಯಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 210, 225 ಮತ್ತು 239 ಮಿಲಿಮೀಟರ್ ಎಂಬ ಮೂರು ಅಳತೆಗಳಲ್ಲಿರುತ್ತದೆ. ಹಳೆಯ ಮಿನಿಯ ಮುದ್ದಾದ ಕವಚ 210ರದು. ಚಿಕ್ಕದಾದಷ್ಟೂ ಕಾರು ಚುರುಕು, ಆದರೆ ಅಷ್ಟೇ ಬೇಗ ಪಲ್ಟಿ. ಹೊಸಬರಿಗೆ 239ರ ಕಾರು ಹೆಚ್ಚು ಕ್ಷಮಾಶೀಲ. ಅಂದಕ್ಕೆ ಮನಸೋತು ಮಿನಿಯನ್ನೇ ಕೊಳ್ಳುವವರನ್ನು ತಡೆಯುವುದು ಕಷ್ಟ, ತಡೆಯಬೇಕೆಂದೂ ಇಲ್ಲ.

ಯಾವ ಚಾಸಿ ಹೊಸದು ಎಂಬುದಕ್ಕಿಂತ ಯಾವುದರ ಬಿಡಿಭಾಗ ಕೈಗೆ ಸಿಗುತ್ತದೆ ಎಂಬುದೇ ಮುಖ್ಯ. ಆಟಿಕೆ ಹಾಗೂ ಕಿರು ಅಳತೆಯ ಮಾದರಿಗಳ ಆಮದು ಸುಂಕವನ್ನು ಕೇಂದ್ರ ಸರ್ಕಾರ 2020ರಲ್ಲಿ ಶೇ 20ರಿಂದ ಶೇ 60ಕ್ಕೆ ಏರಿಸಿತು. 2023ರ ಬಜೆಟ್‌ನಲ್ಲಿ ಅದು ಶೇ 70 ಆಯಿತು. ಜಿಎಸ್‌ಟಿ ಅದರ ಮೇಲೆ ಪ್ರತ್ಯೇಕ. ವ್ಯಾಪಾರಿಗಳು ಹೊರೆಯನ್ನು ಹೊತ್ತುಕೊಳ್ಳುವುದಿಲ್ಲ, ಗಿರಾಕಿಗೆ ದಾಟಿಸುತ್ತಾರೆ. ಜೊತೆಗೆ ನಿಧಾನವಾಗಿ ಮಾರಾಟವಾಗುವ ಬಿಡಿಭಾಗಗಳನ್ನು ದಾಸ್ತಾನಿಡಲು ಹಿಂಜರಿಯುತ್ತಾರೆ. ಹೀಗಾಗಿ ಹುಬ್ಬಳ್ಳಿಯ ಗ್ರಾಹಕ ನಾಲ್ಕುನೂರು ಕಿಲೋಮೀಟರಿಗೂ ದೂರದ ಬೆಂಗಳೂರಿನ ಅಂಗಡಿಯನ್ನೋ ಅಂತರ್ಜಾಲದ ಮಾರಾಟಗಾರರನ್ನೋ ನೆಚ್ಚಬೇಕು. ಹಣ ಕೊಡುವ ಮೊದಲು ಮುಂದಿನ ತೋಳು, ಸ್ಟೀರಿಂಗ್ ಗೆಣ್ಣು, ಗೇರುಗಳ ಗುಂಪು ಈ ಮೂರು ಪ್ರತ್ಯೇಕವಾಗಿ ಸಿಗುತ್ತವೆಯೇ ಎಂದು ಕೇಳಬೇಕು. ಗೋಡೆಗೆ ಗುದ್ದಿದಾಗ ಮೊದಲು ಮುರಿಯುವವು ಇವೇ. ಉತ್ತರ ತಡವರಿಸಿದರೆ ಆ ಕಾರು ಬೇಡ.

ಪೆಟ್ಟಿಗೆಯಲ್ಲಿ ಏನಿಲ್ಲ ಎಂಬುದನ್ನೂ ನೋಡಬೇಕು. ಸಾಮಾನ್ಯ ಕಿಟ್‌ನಲ್ಲಿ ಚಾಸಿ, ಟೈರು, 540 ಎಂಬ ಗಾತ್ರದ ಸಾದಾ ಮೋಟಾರು ಮತ್ತು ಬಣ್ಣ ಬಳಿಯದ ಪಾರದರ್ಶಕ ಕವಚ ಇರುತ್ತವೆ. ಕೆಲವುದರಲ್ಲಿ ಸ್ಪೀಡ್ ಕಂಟ್ರೋಲರ್ ಇರುತ್ತದೆ, ಕೆಲವುದರಲ್ಲಿ ಇಲ್ಲ. ರಿಮೋಟ್, ರಿಸೀವರ್, ಸ್ಟೀರಿಂಗ್ ತಿರುಗಿಸುವ ಸರ್ವೋ, ಬ್ಯಾಟರಿ, ಚಾರ್ಜರ್ ಎಲ್ಲವೂ ಬೇರೆ ಖರ್ಚು. ಕವಚ ಪಾಲಿಕಾರ್ಬೊನೇಟ್‌ನದು, ಬಣ್ಣವನ್ನು ಒಳಬದಿಗೆ ಹೊಡೆಯಬೇಕು. ಬಾಗಿಲು ಕಿಟಕಿಗೆ ಬಳಿಯುವ ಮಾಮೂಲಿ ಬಣ್ಣ ಮೊದಲ ಡಿಕ್ಕಿಗೇ ಹಕ್ಕಳಿಕೆಯಾಗಿ ಉದುರುತ್ತದೆ.

ಎಳೆಯುವುದೂ ಅದೇ, ತಿರುಗುವುದೂ ಅದೇ

ಈಗ ಸುಧಾರಣೆಯ ಮಾತು. ಹಿಂಚಕ್ರ ಚಾಲನೆಯ ಕಾರಿನಲ್ಲಿ ಕೆಲಸ ಹಂಚಿಕೆಯಾಗಿದೆ: ಹಿಂದಿನ ಟೈರು ನೂಕುತ್ತದೆ, ಮುಂದಿನದು ತಿರುಗಿಸುತ್ತದೆ. ಮುಂಚಕ್ರ ಚಾಲನೆಯಲ್ಲಿ ಎರಡೂ ಹೊರೆ ಮುಂದಿನ ಜೋಡಿ ಟೈರಿನದೇ. ನೆಲದ ಮೇಲೆ ಒಂದು ಟೈರಿಗೆ ಇರುವ ಹಿಡಿತಕ್ಕೆ ಮಿತಿಯಿದೆ. ಆ ಹಿಡಿತವನ್ನೆಲ್ಲ ಎಳೆಯುವುದಕ್ಕೇ ಖರ್ಚು ಮಾಡಿದರೆ ತಿರುಗಿಸಲು ಏನೂ ಉಳಿಯುವುದಿಲ್ಲ. ತಿರುವಿನಲ್ಲಿ ಪೂರ್ತಿ ವೇಗ ಕೊಟ್ಟಾಗ ಚಕ್ರಗಳು ಎಡಕ್ಕೆ ತಿರುಗಿದ್ದರೂ ಕಾರು ನೇರವಾಗಿ ಹೊರಕ್ಕೆ ಜಾರುವುದು ಇದೇ ಕಾರಣಕ್ಕೆ. ವೇಗ ಸ್ವಲ್ಪ ತಗ್ಗಿಸಿದೊಡನೆ ಮೂಗು ಒಳಕ್ಕೆ ಹೊರಳುತ್ತದೆ.

ಹೊಸಬರು ಇದನ್ನು ಕಂಡು ಕಾರಿನಲ್ಲಿ ಶಕ್ತಿ ಸಾಲದು ಎಂದು ಭಾವಿಸಿ ಮೊದಲು ಕೊಳ್ಳುವುದು ಬಿರುಸಿನ ಮೋಟಾರನ್ನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ! ರೋಗ ಟೈರಿನದು, ಮೋಟಾರು ಬಿರುಸಾದಷ್ಟೂ ಅದು ಉಲ್ಬಣಿಸುತ್ತದೆ. ಮುಂದಿನ ಚಕ್ರ ನೆಲ ಕೆರೆದುಕೊಂಡು ಸುತ್ತುತ್ತದೆ, ಟೈರು ಸವೆಯುತ್ತದೆ, ಕಾರು ಮಾತ್ರ ಗೋಡೆಯತ್ತಲೇ ಸಾಗುತ್ತದೆ.

ಮೊದಲ ಖರ್ಚು ಬೇರಿಂಗಿಗೆ ಆಗಬೇಕು. ಅಗ್ಗದ ಕಿಟ್‌ಗಳಲ್ಲಿ ಅಚ್ಚು ತಿರುಗುವ ಕಡೆ ಪ್ಲಾಸ್ಟಿಕ್ಕಿನ ಬುಷ್ ಹಾಕಿರುತ್ತಾರೆ. ಹುಬ್ಬಳ್ಳಿಯ ಧೂಳು ಇದಕ್ಕೆ ಮಾರಕ. ಎರೆಮಣ್ಣಿನ ನುಣುಪಾದ ಪುಡಿ ಬುಷ್ ಒಳಗೆ ಸೇರಿ ಉಪ್ಪುಕಾಗದದಂತೆ ಉಜ್ಜುತ್ತದೆ. ದುಂಡನೆಯ ರಂಧ್ರ ಮೊಟ್ಟೆಯಾಕಾರವಾಗುತ್ತದೆ, ಚಕ್ರ ಅಲುಗಾಡುತ್ತದೆ. ತಮಿಯಾ ಕಿಟ್‌ಗಳಲ್ಲಿ ಪದೇ ಪದೇ ಕಾಣುವ 1150 ಎಂಬ ಗುರುತು 11 ಮಿ.ಮೀ. ಹೊರವ್ಯಾಸ, 5 ಮಿ.ಮೀ. ಒಳವ್ಯಾಸದ ಬೇರಿಂಗನ್ನು ಸೂಚಿಸುತ್ತದೆ. 4 ಮಿ.ಮೀ. ದಪ್ಪದ ಇದೇ ಬೇರಿಂಗು ಕೈಗಾರಿಕಾ ಮಾರುಕಟ್ಟೆಯಲ್ಲಿ ಎಂಆರ್ 115 ಎಂಬ ಹೆಸರಿನಲ್ಲಿದೆ. ಅಂದರೆ ಆಟಿಕೆಯ ಸುಂಕ ತೆತ್ತು ಬಂದ ಪೊಟ್ಟಣವನ್ನೇ ಕಾಯಬೇಕಿಲ್ಲ; ಬೇರಿಂಗ್ ವ್ಯಾಪಾರಿಯ ಬಳಿ ಅಳತೆ ಹೇಳಿ ತರಿಸಿಕೊಳ್ಳಬಹುದು. ಎಷ್ಟು ಬೇಕು, ಯಾವ ಅಳತೆಯವು ಎಂಬುದನ್ನು ಕೈಪಿಡಿಯ ಚಿತ್ರಗಳಲ್ಲಿ ಎಣಿಸಿಕೊಂಡೇ ಹೋಗಬೇಕು. ಎರಡೂ ಬದಿಗೆ ರಬ್ಬರ್ ಮುಚ್ಚಳವಿರುವುದನ್ನು ಕೇಳಿದರೆ ಧೂಳಿನಿಂದ ಹೆಚ್ಚು ರಕ್ಷಣೆ. ಜೋಡಿಸುವಾಗಲೇ ಬೇರಿಂಗ್ ಹಾಕುವುದು ಜಾಣತನ. ಆಮೇಲೆ ಹಾಕಲು ಇಡೀ ಗೇರುಪೆಟ್ಟಿಗೆ ಬಿಚ್ಚಬೇಕು.

ಎರಡನೆಯದು ಟೈರು. ಮೃದು ರಬ್ಬರಿನವು ಹೆಚ್ಚು ಹಿಡಿಯುತ್ತವೆ, ಬೇಗ ಸವೆಯುತ್ತವೆ. ಗಡಸಿನವು ಇದಕ್ಕೆ ವಿರುದ್ಧ. ಮುಂದೆ ಮೃದು, ಹಿಂದೆ ಕೊಂಚ ಗಡಸು ಹಾಕಿದರೆ ಕಾರಿನ ಬಾಲ ಸಡಿಲವಾಗಿ ತಿರುವು ಸುಲಭವಾಗುತ್ತದೆ. ಹಾಗೆಂದು ಹಿಂಬದಿಯನ್ನು ತೀರಾ ಜಾರುವಂತೆ ಮಾಡಿದರೆ ವೇಗ ತಗ್ಗಿಸಿದ ಕ್ಷಣವೇ ಕಾರು ಬುಗುರಿಯಾಗುತ್ತದೆ. ಹಿಡಿತ ಅತಿಯಾಗಿ ಕಾರು ಮಗುಚುತ್ತಿದ್ದರೆ ಟೈರಿನ ಹೊರ ಅಂಚಿಗೆ ತೆಳುವಾಗಿ ಸೂಪರ್ ಗ್ಲೂ ಸವರುವುದು ಹಳೆಯ ಕೈಚಳಕ. ಒಣಗಿದ ಗ್ಲೂ ಅಂಚನ್ನು ಗಟ್ಟಿಗೊಳಿಸಿ ನೆಲಕ್ಕೆ ಕಚ್ಚದಂತೆ ಮಾಡುತ್ತದೆ.

ಮೂರನೆಯದಕ್ಕೆ ಹೆಚ್ಚು ಕಾಸೂ ಬೇಡ. ತಿರುವಿನಲ್ಲಿ ಭಾರವೆಲ್ಲ ಹೊರಚಕ್ರದ ಮೇಲೆ ಬಿದ್ದಾಗ ಹಗುರಾದ ಒಳಚಕ್ರ ಸುಮ್ಮನೆ ಸುತ್ತಿ ಮೋಟಾರಿನ ಬಲವನ್ನೆಲ್ಲ ಪೋಲು ಮಾಡುತ್ತದೆ. ಡಿಫರೆನ್ಷಿಯಲ್ ಗೇರುಗಳ ನಡುವೆ ಅಂಟಾದ ದಪ್ಪ ಗ್ರೀಸ್ ತುಂಬಿದರೆ ಈ ಪೋಲು ತಗ್ಗುತ್ತದೆ. ಪೂರ್ತಿ ಬಿಗಿ ಮಾಡಿದರೆ ಕಾರು ತಿರುಗಲು ಮೊಂಡಾಟ ಮಾಡುತ್ತದೆ. ಸ್ವಲ್ಪ ತುಂಬಿ, ಓಡಿಸಿ ನೋಡಿ, ಮತ್ತೆ ಸ್ವಲ್ಪ ಸೇರಿಸುವ ತಾಳ್ಮೆ ಬೇಕು.

ಅನಂತರ ಸರ್ವೋ ಸೇವರ್. ಚಕ್ರ ಕಲ್ಲಿಗೆ ಬಡಿದಾಗ ಸರ್ವೋದ ಹಲ್ಲು ಮುರಿಯದಂತೆ ಕಾಯುವ ಈ ಸಣ್ಣ ತುಂಡು ಸಾದಾ ಕಿಟ್‌ಗಳಲ್ಲಿ ಸಡಿಲವಾಗಿದ್ದು, ನೇರ ಹೋಗಬೇಕಾದ ಕಾರು ಅತ್ತಿತ್ತ ಓಲಾಡುತ್ತದೆ. ಬಿಗಿಯಾದ ಸೇವರ್ ಹಾಕಿದರೆ ಸ್ಟೀರಿಂಗ್ ಮಾತು ಕೇಳತೊಡಗುತ್ತದೆ. ಸಾದಾ ಎಂ-05ರಲ್ಲಿ ಬರುವ, ಎಣ್ಣೆಯಿಲ್ಲದ ಶಾಕ್ ಅಬ್ಸಾರ್ಬರ್‌ಗಳ ಬದಲು ಎಣ್ಣೆ ತುಂಬುವಂಥವನ್ನು ಹಾಕುವುದೂ ಒಳ್ಳೆಯದೇ. ಆದರೆ ಕನ್ನಡಿಯಂಥ ಒಳಾಂಗಣ ನೆಲದಲ್ಲಷ್ಟೇ ಓಡಿಸುವವರು ಅದಕ್ಕೆ ಅವಸರಪಡಬೇಕಿಲ್ಲ. ಬಣ್ಣಬಣ್ಣದ ಅಲ್ಯುಮಿನಿಯಂ ತೋಳುಗಳು ಕಣ್ಣಿಗೆ ಹಬ್ಬ ನಿಜ. ಪ್ಲಾಸ್ಟಿಕ್ ತೋಳು ಪೆಟ್ಟಿಗೆ ಬಾಗಿ ಮತ್ತೆ ನೆಟ್ಟಗಾಗುತ್ತದೆ; ಲೋಹದ ತೋಳು ಬಾಗದೆ ಪೆಟ್ಟನ್ನು ಚಾಸಿಗೆ ದಾಟಿಸುತ್ತದೆ. ತೋಳಿನ ಬದಲು ಚಾಸಿಯೇ ಸೀಳಿದರೆ ಅದು ಲಾಭದ ವ್ಯಾಪಾರವೇನಲ್ಲ.

ಇಷ್ಟಾದ ಮೇಲೆ, ಸಾದಾ ಮೋಟಾರಿನಲ್ಲೇ ಒಂದು ಬ್ಯಾಟರಿ ಮುಗಿಯುವವರೆಗೆ ಗೋಡೆಗೆ ತಾಗಿಸದೆ ಓಡಿಸಲು ಬಂದರೆ ಮಾತ್ರ ಮೋಟಾರಿನ ಯೋಚನೆ ಮಾಡಬಹುದು. ಅದೂ ಒಂದು ಮೆಟ್ಟಿಲು ಮೇಲಿನದು ಸಾಕು. ಸ್ಪೀಡ್ ಕಂಟ್ರೋಲರ್ ಅದನ್ನು ತಾಳುತ್ತದೆಯೇ ಎಂದು ಮೊದಲೇ ನೋಡಬೇಕು. ಏಪ್ರಿಲ್ ಬಿಸಿಲಿನಲ್ಲಿ ಒಂದು ಬ್ಯಾಟರಿ ಮುಗಿದೊಡನೆ ಇನ್ನೊಂದನ್ನು ಹಾಕದೆ ಮೋಟಾರು ತಣಿಯಲು ಬಿಡಬೇಕು.

ಬ್ಯಾಟರಿಯ ವಿಷಯದಲ್ಲಿ ಉದಾಸೀನ ಸಲ್ಲದು. ಆರು ಕೋಶಗಳ, 7.2 ವೋಲ್ಟಿನ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ ಒರಟು ಬಳಕೆಯನ್ನು ಸಹಿಸುತ್ತದೆ. ಮಕ್ಕಳಿರುವ ಮನೆಗೆ ಅದೇ ಲೇಸು. ಎರಡು ಕೋಶಗಳ, 7.4 ವೋಲ್ಟಿನ ಲಿಥಿಯಂ ಪಾಲಿಮರ್ ಹಗುರ ಮತ್ತು ಚುರುಕು. ಆದರೆ ಕೋಶವೊಂದರ ಒತ್ತಡ 4.2 ವೋಲ್ಟ್ ಮೀರಬಾರದು, 3 ವೋಲ್ಟ್‌ಗಿಂತ ಕೆಳಗಿಳಿಯಲೂಬಾರದು. ಒತ್ತಡ ಕುಸಿದಾಗ ತಾನೇ ನಿಲ್ಲಿಸುವ ಸೌಲಭ್ಯವಿಲ್ಲದ ಸ್ಪೀಡ್ ಕಂಟ್ರೋಲರ್‌ಗೆ ಈ ಬ್ಯಾಟರಿ ಜೋಡಿಸುವುದು ಅಪಾಯ. ಉಬ್ಬಿದ ಬ್ಯಾಟರಿಯನ್ನು ಮತ್ತೆ ಚಾರ್ಜಿಗೆ ಹಾಕಬಾರದು, ರಾತ್ರಿ ಚಾರ್ಜಿಗೆ ಹಾಕಿ ಮಲಗಲೂಬಾರದು.

ಸ್ಕ್ರೂ ಡ್ರೈವರಿನ ಬಗ್ಗೆ ಒಂದು ಮಾತು. ಜಪಾನಿ ಕಿಟ್‌ಗಳ ಸ್ಕ್ರೂ ತಲೆ ಜಪಾನಿನ ಅಳತೆಯದು. ಮಾಮೂಲಿ ‘ಸ್ಟಾರ್’ ಡ್ರೈವರ್ ಅದರಲ್ಲಿ ಸರಿಯಾಗಿ ಕೂರದೆ ಜಾರಿ ತಲೆ ಸವೆಸುತ್ತದೆ. ಜಪಾನಿ ಬೈಕುಗಳನ್ನು ರಿಪೇರಿ ಮಾಡುವವರಿಗೆ ಈ ತೊಂದರೆ ಹೊಸದಲ್ಲ. ಅದೇ ಅಳತೆಯ ಡ್ರೈವರ್ ಒಂದನ್ನು ಕಿಟ್ ಜೊತೆಗೇ ಕೊಳ್ಳುವುದು ಲೇಸು.

ಓಡಿಸುವುದು ಎಲ್ಲಿ? ಈ ಕಾರುಗಳ ಹೊಟ್ಟೆ ನೆಲದಿಂದ ಬೆರಳಿನಷ್ಟು ಎತ್ತರದಲ್ಲಿರುತ್ತದೆ. ಹುಬ್ಬಳ್ಳಿಯ ನೆಹರೂ ಮೈದಾನದಂಥ ಮಣ್ಣಿನ ಬಯಲು ಇವಕ್ಕಲ್ಲ. ಸಿಮೆಂಟಿನ ಬಾಸ್ಕೆಟ್‌ಬಾಲ್ ಅಂಕಣ, ರಜಾ ದಿನದ ಖಾಲಿ ವಾಹನ ನಿಲುಗಡೆಯ ಜಾಗ, ಅಪಾರ್ಟ್‌ಮೆಂಟಿನ ನೆಲಮಾಳಿಗೆ ಆಗಬಹುದು, ಸಂಬಂಧಪಟ್ಟವರ ಅನುಮತಿ ಇದ್ದರೆ. ಸಾರ್ವಜನಿಕ ರಸ್ತೆಗೆ ಇಳಿಸಲೇಬಾರದು. ಬೈಕ್ ಸವಾರನ ಕಣ್ಣಿಗೆ ಬೀಳುವಷ್ಟು ದೊಡ್ಡ ವಸ್ತು ಇದಲ್ಲ. ಮಲೆನಾಡಿನ ಸೆರಗಿನಲ್ಲಿರುವ ಧಾರವಾಡಕ್ಕೆ ಹುಬ್ಬಳ್ಳಿಗಿಂತ ಮಳೆ ಹೆಚ್ಚು. ಒದ್ದೆ ನೆಲದಲ್ಲಿ ಓಡಿಸಿದ ದಿನ ಚಕ್ರಗಳನ್ನು ಕಳಚಿ, ಬೇರಿಂಗುಗಳನ್ನು ಒರೆಸಿ ಒಂದು ಹನಿ ಎಣ್ಣೆ ಬಿಟ್ಟೇ ಕಾರನ್ನು ಕಪಾಟಿಗೆ ಸೇರಿಸಬೇಕು. ಮರುದಿನಕ್ಕೆ ಬಿಟ್ಟರೆ ತುಕ್ಕು ಕಾಯುವುದಿಲ್ಲ.