ತೂತಿನಲ್ಲಿ ತಾಮ್ರವಿಲ್ಲದ ಬೋರ್ಡಿಗೆ ಯಾವ ಬೇಸ್?

ಮನೆಯಲ್ಲಿ ಎರಡೂ ಬದಿಯ ಸರ್ಕ್ಯೂಟ್ ಬೋರ್ಡ್ ಮಾಡಿಕೊಳ್ಳುವವರ ಕಷ್ಟವೆಲ್ಲ 0.8 ಮಿಲಿಮೀಟರ್ ತೂತಿನಲ್ಲಿದೆ. ಫೆರಿಕ್ ಕ್ಲೋರೈಡಿನಿಂದ ತೆಗೆದು ತೊಳೆದ ಬೋರ್ಡಿಗೆ ಡ್ರಿಲ್ ಹಾಕಿದರೆ, ತೂತಿನ ಒಳಗೋಡೆಯಲ್ಲಿ ಇರುವುದು ಬರೀ ಗಾಜಿನ ನಾರು ಮತ್ತು ಎಪಾಕ್ಸಿ. ಮೇಲಿನ ತಾಮ್ರ ಮೇಲೆ, ಕೆಳಗಿನದು ಕೆಳಗೆ.

ವಿಯೆನ್ನಾದಿಂದ ಲಂಡನ್ನಿಗೆ ಬಂದ ಎಂಜಿನಿಯರ್ ಪಾಲ್ ಐಸ್ಲರ್ 1936ರ ಸುಮಾರಿಗೆ ಮುದ್ರಿತ ಸರ್ಕ್ಯೂಟ್ ಬಳಸಿ ರೇಡಿಯೊ ಕಟ್ಟಿದ. ಒಂದೇ ಬದಿಯ ಬೋರ್ಡಿಗೆ ಈ ತಾಪತ್ರಯವಿಲ್ಲ: ಬಿಡಿಭಾಗ ಮೇಲೆ, ಬೆಸುಗೆ ಕೆಳಗೆ. ಸರ್ಕ್ಯೂಟ್ ದಟ್ಟವಾಗಿ ಗೆರೆಗಳು ಒಂದನ್ನೊಂದು ದಾಟಬೇಕಾಗಿ ಬಂದಾಗ ಎರಡನೇ ಬದಿಯೂ ಬೇಕಾಯಿತು. ಕಾರ್ಖಾನೆಗಳು ತೂತಿನ ಒಳಗೋಡೆಗೇ ತಾಮ್ರ ಹಿಡಿಸುವುದನ್ನು ಕಲಿತವು. ಮೊದಲು ಪಲ್ಲಾಡಿಯಂ, ಆಮೇಲೆ ರಾಸಾಯನಿಕವಾಗಿ ತೆಳುವಾದ ತಾಮ್ರ, ಕೊನೆಗೆ ವಿದ್ಯುತ್ ಹರಿಸಿ ಅದನ್ನು ದಪ್ಪ ಮಾಡುವುದು. ಮನೆಯ ಬಚ್ಚಲಲ್ಲಿ ಸುಲಭಕ್ಕೆ ಆಗುವ ಕೆಲಸವಲ್ಲ ಇದು.

1964ರಲ್ಲಿ ಫೇರ್‌ಚೈಲ್ಡ್ ಕಂಪನಿಯಲ್ಲಿ ಎರಡು ಸಾಲು ಕಾಲುಗಳ ಐಸಿ ರೂಪುಗೊಂಡಿತು. ಕಾಲಿನಿಂದ ಕಾಲಿಗೆ 2.54 ಮಿ.ಮೀ. ಅಂತರ. ಕೆಟ್ಟರೆ ಕಿತ್ತು ಬದಲಿಸಲೆಂದು ಅದಕ್ಕೊಂದು ಬೇಸ್ ಬಂತು. ಅಗ್ಗದ ಬೇಸಿನ ಪ್ಲಾಸ್ಟಿಕ್ ಮೈ ಬೋರ್ಡಿಗೆ ಅಂಟಿದಂತೆ ಕೂರುತ್ತದೆ, ಸೋಲ್ಡರಿಂಗ್ ಐರನ್ನಿನ ತುದಿ ಮೇಲಿನ ಪ್ಯಾಡಿಗೆ ತಲುಪುವುದೇ ಇಲ್ಲ. ಕಾರ್ಖಾನೆಯ ಬೋರ್ಡಿನಲ್ಲಿ ಕೆಳಗೆ ಮುಟ್ಟಿಸಿದ ಸೋಲ್ಡರ್ ತೂತಿನೊಳಗಿಂದ ಮೇಲೇರುತ್ತದೆ. ನಮ್ಮ ಬೋರ್ಡಿನಲ್ಲಿ ಏರುವುದಿಲ್ಲ.

1970ರ ದಶಕದ ಹವ್ಯಾಸಿಗಳು ಮೊಲೆಕ್ಸ್‌ನ ಬಿಡಿ ಪಿನ್ನುಗಳನ್ನು ಬಳಸುತ್ತಿದ್ದರು. ಪಿನ್ನುಗಳನ್ನು ಸಾಲಾಗಿ ಹಿಡಿದಿಟ್ಟ ಪಟ್ಟಿಯ ಸಮೇತ ಬೆಸೆದು, ಬಳಿಕ ಪಟ್ಟಿಯನ್ನು ಬಗ್ಗಿಸಿ ಮುರಿದುಬಿಡುವುದು. ಪ್ಲಾಸ್ಟಿಕ್ಕೇ ಇಲ್ಲದ್ದರಿಂದ ಎರಡೂ ಬದಿಗೆ ಬೆಸುಗೆ ಸಲೀಸು. ಆದರೆ ಹಿಡಿತ ಸಡಿಲ.

ನನ್ನ ಮತ ರೌಂಡ್ ಪಿನ್ ಬೇಸಿಗೆ. ಲೇತಿನಲ್ಲಿ ಕಡೆದ ಹಿತ್ತಾಳೆಯ ಕೊಳವೆ, ಅದರೊಳಗೆ ಐಸಿಯ ಕಾಲನ್ನು ಸುತ್ತಲಿಂದ ಹಿಡಿಯುವ ಬೆರಿಲಿಯಂ ತಾಮ್ರದ ಬೆರಳುಗಳು. ಅಲುಗಾಟದಲ್ಲೂ ಸಂಪರ್ಕ ತಪ್ಪಬಾರದ ಉಪಕರಣಗಳಿಗೆ ಒಪ್ಪುವ ರಚನೆ ಇದು. ಕೊಳವೆಯ ಭುಜ ಪ್ಲಾಸ್ಟಿಕ್ಕನ್ನು ಬೋರ್ಡಿನಿಂದ ತುಸು ಎತ್ತಿ ಹಿಡಿಯುತ್ತದೆ, ಚೂಪು ತುದಿಯ ಐರನ್ನಿಗೆ ಆ ಸಂದು ಸಾಕು. ಒಂಟಿ ಸಾಲಿನ ಪಟ್ಟಿಯಾದರೆ ಇನ್ನೂ ವಾಸಿ: ಬೇಕಾದಷ್ಟು ಉದ್ದಕ್ಕೆ ಕತ್ತರಿಸಿ, ಒಂದು ಸಾಲನ್ನು ಎರಡೂ ಬದಿಗೆ ಬೆಸೆದು ಮುಗಿಸಿ, ಆಮೇಲೆ ಇನ್ನೊಂದನ್ನು ಕೂರಿಸಬಹುದು. ಬೆಲೆ ಹೆಚ್ಚು, ಕೊಟ್ಟರೆ ಮೋಸವಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದವರು ಬರೀ ‘ಐಸಿ ಬೇಸ್’ ಎನ್ನದೆ ರೌಂಡ್ ಪಿನ್ ಎಂದೇ ಕೇಳಬೇಕು.

ಬೆಸೆಯುವಾಗ ಪಿನ್ನುಗಳು ಓರೆಯಾಗದಂತೆ ಹಳೆಯದೊಂದು ಐಸಿಯನ್ನು ಸಿಕ್ಕಿಸಿಟ್ಟುಕೊಳ್ಳಿ. ಚೌಕ ಕಾಲಿನ ಬರ್ಗ್ ಸ್ಟ್ರಿಪ್ ಮಾತ್ರ ಎಂದೂ ಇದರೊಳಗೆ ತುರುಕಬೇಡಿ. ಅದರ ದಪ್ಪಕ್ಕೆ ಬೆರಳುಗಳು ಅಗಲವಾಗಿ, ಮತ್ತೆ ಐಸಿಯನ್ನು ಬಿಗಿಯಾಗಿ ಹಿಡಿಯಲಾರವು. ಹೊಸ ಐಸಿ ಹಾಕುವ ಮುನ್ನ ಮಲ್ಟಿಮೀಟರನ್ನು ಬೀಪ್‌ಗೆ ತಿರುಗಿಸಿ, ಒಂದು ತುದಿಯನ್ನು ಪ್ರತಿ ಪಿನ್ನಿನ ಬಾಯಿಗೆ, ಇನ್ನೊಂದನ್ನು ಅದಕ್ಕೆ ಸೇರಬೇಕಾದ ಮೇಲಿನ ಗೆರೆಗೂ ಕೆಳಗಿನ ಗೆರೆಗೂ ಮುಟ್ಟಿಸಿ ನೋಡಿ.