ಬಂಪರಿನ ಕೂದಲ ಹಗ್ಗ ವೆನಿಸ್ ತಲುಪಿದ ಬಗೆ

ಬೆಂಗಳೂರಿನ ರಸ್ತೆಗಳಲ್ಲಿ ಬಂಪರಿಗೆ ಕಪ್ಪು ಕೂದಲಿನ ಹಗ್ಗ ಸುತ್ತಿಕೊಂಡ ವಾಹನಗಳು ಕಣ್ಣಿಗೆ ಬೀಳುತ್ತವೆ. ದೃಷ್ಟಿ ತಾಗದಿರಲಿ, ಅಪಘಾತವಾಗದಿರಲಿ ಎಂದು ಚಾಲಕರು ಕಟ್ಟಿಕೊಳ್ಳುವ ಹಗ್ಗ ಅದು. ದೇವರಿಗೆ ಕೊಟ್ಟ ಮುಡಿಯಲ್ಲಿ ಉದ್ದದ ಕೂದಲು ವಿಗ್ ಮಾಡುವವರ ಪಾಲು. ಗಿಡ್ಡದ್ದು ಹೀಗೆ ಹಗ್ಗವಾಗಿ ಪೇಟೆಗೆ ಬರುತ್ತದೆ. 2009ರ ವೆನಿಸ್ ಬಿಯೆನಾಲೆ ಕಲಾ ಪ್ರದರ್ಶನದಲ್ಲಿ ಇದೇ ಹಗ್ಗ, ಸುಮಾರು 4 ಕಿಲೋಮೀಟರಿನಷ್ಟು, 20 ಬಂಪರುಗಳ ಭಾರ ಹೊತ್ತು ನೇತಾಡಿತು. ಕೃತಿಯ ಹೆಸರು ‘ಬಿಹೋಲ್ಡ್’. ಮಾಡಿದವರು 1957ರಲ್ಲಿ ನಮ್ಮದೇ ಶಿವಮೊಗ್ಗ ಜಿಲ್ಲೆಯ ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ.

ಅವರು ಕಲಿತದ್ದು ಚಿತ್ರಕಲೆ. ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಆರ್.ಎಂ. ಹಡಪದ, ಬರೋಡದಲ್ಲಿ ಕೆ.ಜಿ. ಸುಬ್ರಮಣ್ಯನ್ ಗುರುಗಳು. ಆಮೇಲೆ ಶಾಂತಿನಿಕೇತನ, 1986ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಿಂದ ಸ್ನಾತಕೋತ್ತರ ಪದವಿ. ಇಷ್ಟೆಲ್ಲ ಕಲಿತವರು ಕುಂಚ ಬದಿಗಿಟ್ಟು ಸೆಗಣಿಗೆ ಕೈಹಾಕಿದ್ದೇ ನನಗೆ ಈ ಕಥೆಯ ತಿರುಳು. 1992ರಲ್ಲಿ ಬಾಬರಿ ಮಸೀದಿ ಉರುಳಿ, ಮುಂಬಯಿ ಹೊತ್ತಿ ಉರಿದ ಕಾಲ. ಆ ಹಿಂಸೆಯ ಮುಂದೆ ಅವರಿಗೆ ಬರೀ ಬಣ್ಣ ಸಾಲದಾಯಿತು. ನಮ್ಮ ಸೊರಬದ ಉಳವಿಯ ಕಡೆಯ ಮನೆಗಳಿಗೆ ಸೆಗಣಿಯ ಬಗ್ಗೆ ಹೇಳಿಕೊಡಬೇಕಿಲ್ಲ. ಅಡಿಕೆ ಹರವುವ ಅಂಗಳಕ್ಕೆ ಬಳಿಯುವುದು ಅದನ್ನೇ, ಗದ್ದೆಗೆ ಹೋಗುವ ಗೊಬ್ಬರವೂ ಅದೇ. ಪೂಜೆಗೂ ಸಲ್ಲುವ, ಹೆಂಗಸರ ಕೈ ದಿನವೂ ಸವೆಸುವ ಆ ವಸ್ತುವಿನಲ್ಲಿ ಹಿಂಸೆಗೆ ಕೊಡಬಹುದಾದ ಉತ್ತರವಿದೆ ಎಂದು ಕಂಡುಕೊಂಡದ್ದು ಎಷ್ಟು ದೊಡ್ಡ ಧೈರ್ಯ!

ಮುಂದೆ ಸೂಜಿ, ದಾರ, ಕುಂಕುಮ ಬಂದವು. ಒಂದೊಂದು ಸೂಜಿಯ ಕಣ್ಣಿಗೂ ಮಾರುಗಟ್ಟಲೆ ದಾರ ಪೋಣಿಸಿ, ಅಂಟು, ಕುಂಕುಮ ಬಳಿದು ಹುರಿಯಾಗಿಸಿದ ‘ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇನ್’ ರಕ್ತನಾಳದಂತೆ ಗೋಡೆ, ನೆಲ ಹಬ್ಬಿತು; ತುದಿಯಲ್ಲಿ ಸೂಜಿಗಳ ಗೊಂಚಲು. 2007ರಲ್ಲಿ ಜರ್ಮನಿಯ ಕಾಸೆಲ್‌ನ ಡಾಕ್ಯುಮೆಂಟಾ ಕಲಾ ಪ್ರದರ್ಶನದಲ್ಲಿ ಊದುಬತ್ತಿಯ ಹಿಟ್ಟನ್ನು ಹರವಿ ಸುಟ್ಟು, ಉಳಿದ ಬೂದಿಯನ್ನೇ ಕೃತಿಯಾಗಿಟ್ಟರು. ಆಮೇಲಿನದು ಬರ್ಮಿಂಗ್‌ಹ್ಯಾಂ, ಮಿಲಾನ್, ಮ್ಯೂನಿಕ್‌ಗಳ ಪ್ರದರ್ಶನ. 2019ರಲ್ಲಿ ಮಾರಿಯಾ ಲಾಸ್‌ನಿಗ್ ಪ್ರಶಸ್ತಿ.

‘ಬಿಹೋಲ್ಡ್’ ಈಗ ಲಂಡನ್ನಿನ ಟೇಟ್ ಕಲಾ ಸಂಗ್ರಹಾಲಯದಲ್ಲಿದೆ. ನಮ್ಮ ಮುಡಿ, ನಮ್ಮ ರಸ್ತೆಯ ಭಯ ನೋಡಲು ಸೊರಬದ ಹುಡುಗಿಯೊಬ್ಬಳು ಸಮುದ್ರ ದಾಟಬೇಕೆಂದರೆ ನನಗೆ ಸಂಕಟವಾಗುತ್ತದೆ, ಸಿಟ್ಟೂ ಬರುತ್ತದೆ. ಲಲಿತಕಲಾ ಅಕಾಡೆಮಿ, ಜಿಲ್ಲಾಡಳಿತ ಕೂಡಿ ಶೀಲಾ ಗೌಡರ ಒಂದಾದರೂ ಕೃತಿಯನ್ನು ಶಿವಮೊಗ್ಗಕ್ಕೆ ತರಿಸಿ ತಿಂಗಳ ಮಟ್ಟಿಗೆ ಇಡಿಸಲಿ. ಸುತ್ತಲ ಸರ್ಕಾರಿ ಶಾಲೆಗಳ ಮಕ್ಕಳನ್ನು ಬಸ್ಸು ಮಾಡಿ ಕರೆತರಲಿ. ಮನಸ್ಸು ಮಾಡಿದರೆ ಆಗದ ಕೆಲಸವೇನಲ್ಲ.